ಕೆನಡಾ ನೋಡಲು ಹೊರಟಿದ್ದೀರಾ? ಮೊದಲು ತಿಂಗಳು ಹಿಡಿಯಿರಿ, ಆಮೇಲೆ ಊರು

ನಮ್ಮ ಕಡೆಯಿಂದ ಕೆನಡಾಕ್ಕೆ ಹೋಗುವವರಲ್ಲಿ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಬಹಳ. ಬ್ರಾಂಪ್ಟನ್ನೋ, ಮಿಸ್ಸಿಸಾಗವೋ, ವಾಟರ್‌ಲೂವೋ, ಅಲ್ಲೊಂದು ಮನೆ. ಒಂದು ಶನಿವಾರ ನಯಾಗರ, ಇನ್ನೊಂದು ವಾರ ಸಿಎನ್ ಟವರ್, ನಡುವೆ ದೇವಸ್ಥಾನ, ಮಾಲ್. ಮಕ್ಕಳಿಗೆ ರಜೆ ಸಿಕ್ಕಿ 'ಎಲ್ಲಿಗೆ ಹೋಗೋಣ' ಅಂತ ಕೇಳಿದರೆ ಏನು ಹೇಳಬೇಕೋ ಗೊತ್ತಿರುವುದಿಲ್ಲ. ಅಷ್ಟರಲ್ಲಿ ವಾಪಸ್ ಹೊರಡುವ ದಿನ ಬಂದಿರುತ್ತದೆ. ಅಷ್ಟು ದೂರ ಹೋಗಿ ಆ ದೇಶದ ದೊಡ್ಡತನವನ್ನೇ ನೋಡದೆ ಬರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೆನಡಾದ ವಿಸ್ತೀರ್ಣ ಸುಮಾರು 99.8 ಲಕ್ಷ ಚದರ ಕಿ.ಮೀ. ಭಾರತದ ಮೂರು ಪಟ್ಟು. ಜನ ಮಾತ್ರ ಸುಮಾರು 4 ಕೋಟಿ. ಟೊರಾಂಟೊದಿಂದ ವ್ಯಾಂಕೂವರ್‌ಗೆ ವಿಮಾನದಲ್ಲೇ ಐದು ಗಂಟೆ ಬೇಕು. ಗಡಿಯಾರದ ಲೆಕ್ಕದಲ್ಲಿ ಆರು ಕಾಲವಲಯಗಳಿವೆ. ಹಾಗಾಗಿ 'ಹದಿನೈದು ದಿನದಲ್ಲಿ ಇಡೀ ಕೆನಡಾ' ಅನ್ನುವ ಪ್ಯಾಕೇಜು ಕಂಡರೆ ಸುಮ್ಮನೆ ಪಕ್ಕಕ್ಕಿಡಿ. ಅದರಲ್ಲಿ ನೋಡುವುದು ವಿಮಾನ ನಿಲ್ದಾಣ, ಹೋಟೆಲು, ಹೆದ್ದಾರಿ ಅಷ್ಟೇ.

ಹಂತ 1: ತಿಂಗಳು ನಿರ್ಧರಿಸಿ

ಈ ದೇಶದಲ್ಲಿ ನೆನಪಿನಲ್ಲಿ ಉಳಿಯುವಂಥದ್ದೆಲ್ಲ ಋತುವಿಗೆ ಕಟ್ಟುಬಿದ್ದದ್ದು. ಹಿಮಕರಡಿ ಬೇಕು ಅಂದರೆ ಅಕ್ಟೋಬರ್-ನವೆಂಬರ್. ತೇಲುವ ಹಿಮಗಡ್ಡೆ ಬೇಕು ಅಂದರೆ ಮೇ ಕೊನೆ ಮತ್ತು ಜೂನ್. ರಾಕಿ ಪರ್ವತಗಳ ನೀಲಿ ಸರೋವರ ನೋಡಬೇಕಾದರೆ ಜೂನ್ ಕೊನೆಯಿಂದ ಸೆಪ್ಟೆಂಬರ್. ಮೇ ತಿಂಗಳಲ್ಲಿ ಲೇಕ್ ಲೂಯಿಸ್‌ಗೆ ಹೋದರೆ ಸರೋವರದ ಮೇಲೆ ಇನ್ನೂ ಮಂಜುಗಡ್ಡೆ ಇರಬಹುದು. ಎಲೆಗಳು ಕೆಂಪಾಗುವುದನ್ನು ನೋಡಬೇಕೇ? ಟೊರಾಂಟೊದ ಉತ್ತರಕ್ಕಿರುವ ಅಲ್ಗಾಂಕ್ವಿನ್ ಪಾರ್ಕ್‌ನಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಮೇಪಲ್ ಮರದ ರಸದಿಂದ ಸಿಹಿ ಪಾಕ ಕಾಯಿಸುವುದು ಮಾರ್ಚ್-ಏಪ್ರಿಲ್‌ನಲ್ಲಿ. ಉತ್ತರದ ಬೆಳಕಿಗೆ, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಧ್ರುವಪ್ರಭೆಗೆ, ಎರಡು ಹಂಗಾಮು: ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆ, ಮತ್ತೆ ನವೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರ.

ನಿಮ್ಮ ರಜೆ ಯಾವಾಗ ಅನ್ನುವುದು ಮೊದಲೇ ತೀರ್ಮಾನವಾಗಿದ್ದರೆ, ಆ ತಿಂಗಳಲ್ಲಿ ಮಾತ್ರ ನಡೆಯುವ ಒಂದು ಸಂಗತಿ ಆರಿಸಿ. ಅದರ ಸುತ್ತಲಿನ ಒಂದೇ ಪ್ರದೇಶಕ್ಕೆ ಏಳೆಂಟು ದಿನ ಕೊಡಿ. ಉಳಿದದ್ದು ಮುಂದಿನ ಸಲಕ್ಕೆ ಇರಲಿ.

ಹಂತ 2: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟರ್ ವೀಸಾ ಬೇಕೇ ಬೇಕು. ಆನ್‌ಲೈನ್ ಅರ್ಜಿ, ಆಮೇಲೆ ಬೆರಳಚ್ಚು, ಫೋಟೊ. ಬೆರಳಚ್ಚು ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ವೀಸಾ ಕೈಗೆ ಬರಲು ಎಷ್ಟು ದಿನ ಅನ್ನುವುದು ಏರಿಳಿಯುತ್ತಿರುತ್ತದೆ, ಆದ್ದರಿಂದ ವಾಪಸ್ ಸಿಗದ ಟಿಕೆಟನ್ನು ವೀಸಾಕ್ಕಿಂತ ಮೊದಲು ಕೊಳ್ಳಬೇಡಿ. ಮಕ್ಕಳು ಅಲ್ಲಿನ ಪೌರರೋ ಖಾಯಂ ನಿವಾಸಿಗಳೋ ಆಗಿದ್ದರೆ ಸೂಪರ್ ವೀಸಾ ವಿಚಾರಿಸಿ. ಒಮ್ಮೆ ಹೋದರೆ 5 ವರ್ಷದವರೆಗೂ ಇರಬಹುದು, ಆದರೆ ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಮಾಮೂಲಿ ವೀಸಾದಲ್ಲಿ ಹೋಗುವವರೂ ವಿಮೆ ಮಾಡಿಸಿ. ಅಲ್ಲಿನ ಸರ್ಕಾರಿ ವೈದ್ಯಸೇವೆ ಪ್ರವಾಸಿಗರಿಗೆ ಇಲ್ಲ, ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಬರುವ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಬಹುದು.

ಕಾರು ಓಡಿಸುವ ಯೋಚನೆ ಇದ್ದರೆ ಊರಿನಲ್ಲೇ ಆರ್‌ಟಿಓದಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ. ಚಳಿಗಾಲದಲ್ಲಾದರೆ ಬಾಡಿಗೆ ಕಾರಿಗೆ ವಿಂಟರ್ ಟೈರ್ ಇದೆಯೇ ಅಂತ ಕೇಳಿ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನು. ಹಿಮದ ಮೇಲೆ ಓಡಿಸಿ ಅಭ್ಯಾಸ ಇಲ್ಲದವರು ಚಳಿಗಾಲದಲ್ಲಿ ಸ್ಟಿಯರಿಂಗ್ ಮುಟ್ಟದಿರುವುದೇ ಒಳ್ಳೆಯದು. ಬಸ್ಸು, ಟೂರ್ ವ್ಯಾನು ಸಾಕು.

ರಾಕಿ ಪರ್ವತಗಳ ರಸ್ತೆ: ಬೇಸಿಗೆಯ ಮೊದಲ ಆಯ್ಕೆ

ಒಂದೇ ಒಂದು ಕೆಲಸಕ್ಕೆ ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕ್ಯಾಲ್ಗರಿಗೆ ವಿಮಾನ, ಅಲ್ಲಿಂದ ಒಂದೂವರೆ ಗಂಟೆಗೆ ಬ್ಯಾನ್ಫ್. ಇದು ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ, 1885ರಲ್ಲಿ ಶುರುವಾದದ್ದು. ಎರಡು ಮೂರು ದಿನ ಬ್ಯಾನ್ಫ್ ಸುತ್ತ ಇದ್ದು, ಒಂದು ಇಡೀ ದಿನವನ್ನು ಐಸ್‌ಫೀಲ್ಡ್ಸ್ ಪಾರ್ಕ್‌ವೇಗೆ ಮೀಸಲಿಡಿ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ 232 ಕಿ.ಮೀ. ರಸ್ತೆ ಅದು. ಮೂರು ಗಂಟೆಯಲ್ಲಿ ಮುಗಿಸಬಹುದು, ಆದರೆ ಹಾಗೆ ಮುಗಿಸುವುದಕ್ಕೆ ಅಲ್ಲಿಗೆ ಹೋಗಬೇಕಾಗಿಲ್ಲ. ಬೆಳಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ತಲುಪುವಂತೆ ನಿಧಾನ ಹೋಗಿ.

ಹೊರಡುವ ಮುಂಚೆ ಮೂರು ಕೆಲಸ. ಪೆಟ್ರೋಲ್ ಟ್ಯಾಂಕ್ ತುಂಬಿಸಿ, ದಾರಿಯಲ್ಲಿ ಬಂಕ್ ಇರುವುದು ಸಸ್ಕ್ಯಾಚುವಾನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಫೋನಿನಲ್ಲಿ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ರಾಷ್ಟ್ರೀಯ ಉದ್ಯಾನದ ಪಾಸ್ ಇದೆಯೇ ನೋಡಿಕೊಳ್ಳಿ.

ಮೊದಲು ಬೋ ಲೇಕ್, ಆಮೇಲೆ ಪೇಟೊ ಲೇಕ್. ಪೇಟೊದಲ್ಲಿ ಕಾರು ನಿಲ್ಲಿಸಿ ಸ್ವಲ್ಪ ಹತ್ತಿ ಹೋದರೆ ಕೆಳಗೆ ಸರೋವರ ಕಾಣುತ್ತದೆ. ಮೊದಲ ಸಲ ನೋಡಿದವರು ಬಣ್ಣ ಸುರಿದಿದ್ದಾರೇನೋ ಅಂದುಕೊಳ್ಳುತ್ತಾರೆ. ಹಿಮನದಿ ಜರುಗುತ್ತಾ ಕೆಳಗಿನ ಬಂಡೆಯನ್ನು ನುಣ್ಣಗೆ ಅರೆಯುತ್ತದೆ. ಆ ಪುಡಿ ನೀರಿನಲ್ಲಿ ಮುಳುಗದೆ ತೇಲಿಕೊಂಡಿರುತ್ತದೆ. ಬಿಸಿಲು ಬಿದ್ದಾಗ ನೀಲಿ-ಹಸಿರು ಬೆಳಕನ್ನು ಚದುರಿಸಿ ಕಣ್ಣಿಗೆ ಕಳಿಸುತ್ತದೆ. ಹಿಮ ಕರಗಿ ಪುಡಿ ಬಂದು ಸೇರಿದ ಮೇಲೆಯೇ ಈ ಬಣ್ಣ, ಅದಕ್ಕೇ ಜುಲೈ-ಆಗಸ್ಟ್‌ನಲ್ಲಿ ಅದು ಗಾಢ. ಬೆಳಗಿನ ಜಾವಕ್ಕಿಂತ ಬಿಸಿಲು ನೆತ್ತಿಗೇರಿದಾಗ ಪೇಟೊ ಚೆನ್ನ.

ನಡುದಾರಿಯಲ್ಲಿ ಕೊಲಂಬಿಯಾ ಐಸ್‌ಫೀಲ್ಡ್ ಎಂಬ ದೊಡ್ಡ ಹಿಮರಾಶಿ. ಅಥಾಬಾಸ್ಕಾ ಹಿಮನದಿಯ ತುದಿಯವರೆಗೆ ಒಂದು ಕಾಲುದಾರಿ ಇದೆ. ದಾರಿಯುದ್ದಕ್ಕೂ ಇಸವಿ ಬರೆದ ಫಲಕಗಳು: ಆ ವರ್ಷ ಹಿಮ ಇಲ್ಲಿಯವರೆಗೆ ಇತ್ತು ಅಂತ. ಒಂದು ಫಲಕದಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದರೆ ಹಿಮ ಎಷ್ಟು ಹಿಂದೆ ಸರಿದಿದೆ ಅನ್ನುವುದು ಕಾಲಿಗೇ ತಿಳಿಯುತ್ತದೆ. ಸುಮಾರು 125 ವರ್ಷಗಳಲ್ಲಿ ಒಂದೂವರೆ ಕಿ.ಮೀ.ಗೂ ಜಾಸ್ತಿ ಹಿಂದೆ ಹೋಗಿದೆ. ನಿಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಅವರಿಗೆ ಇದನ್ನು ತೋರಿಸಲೇಬೇಕು. ಆದರೆ ಹಗ್ಗ ದಾಟಿ ಹಿಮದ ಮೇಲೆ ಕಾಲಿಡಬೇಡಿ. ಮೇಲೆ ಗಟ್ಟಿ ಕಂಡರೂ ಒಳಗೆ ಆಳವಾದ ಬಿರುಕುಗಳಿರುತ್ತವೆ, ಬಿದ್ದು ಸತ್ತವರಿದ್ದಾರೆ. ಹಿಮನದಿಯ ಮೇಲೆ ನಡೆಯಬೇಕಾದರೆ ಗೈಡ್ ಜೊತೆ ಹೋಗಿ. ಮಂಡಿ ನೋವಿರುವವರಿಗೆ ದೊಡ್ಡ ಚಕ್ರದ ಬಸ್ಸು ಇದೆ, ಅದು ಹಿಮದ ಮೇಲೆಯೇ ಕರೆದೊಯ್ದು ಇಳಿಸುತ್ತದೆ. ಆಮೇಲೆ ಸನ್‌ವಾಪ್ಟಾ, ಅಥಾಬಾಸ್ಕಾ ಜಲಪಾತಗಳು.

ಮೊರೇನ್ ಲೇಕ್ ಬಗ್ಗೆ ಒಂದು ಮಾತು. ಹತ್ತು ಶಿಖರಗಳ ಬುಡದಲ್ಲಿರುವ ಈ ಸರೋವರ ಕೆನಡಾದ ಹಳೆಯ 20 ಡಾಲರ್ ನೋಟಿನ ಮೇಲಿತ್ತು. 2023ರಿಂದ ಅಲ್ಲಿಗೆ ಖಾಸಗಿ ಕಾರು ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸಿಗೆ ಸೀಟು ಕಾದಿರಿಸಬೇಕು. ಈಚಿನ ವರ್ಷಗಳಲ್ಲಿ ಒಂದಷ್ಟು ಸೀಟು ಏಪ್ರಿಲ್ ಹೊತ್ತಿಗೆ ಬಿಡುತ್ತಾರೆ, ಉಳಿದದ್ದನ್ನು ಹೋಗುವ ದಿನಕ್ಕೆ ಎರಡು ದಿನ ಮೊದಲು, ಅಲ್ಲಿನ ಬೆಳಗ್ಗೆ 8 ಗಂಟೆಗೆ. ಆ ಹೊತ್ತಿಗೆ ಲಾಗಿನ್ ಆಗಿ ಕಾದಿರಿ, ನಿಮಿಷಗಳಲ್ಲಿ ಖಾಲಿಯಾಗುತ್ತದೆ. ರಸ್ತೆ ತೆರೆದಿರುವುದು ಜೂನ್ ಆರಂಭದಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ.

ಕಾಡುಪ್ರಾಣಿಗಳ ನಿಯಮ ಇಲ್ಲಿ ಗಟ್ಟಿ. ಕರಡಿಯಿಂದ 100 ಮೀಟರ್, ಎಲ್ಕ್ ಎಂಬ ದೊಡ್ಡ ಜಿಂಕೆಯಿಂದ 30 ಮೀಟರ್ ದೂರ. ಕಾಲುದಾರಿಗೆ ಹೋಗುವವರು ಕರಡಿ ಸ್ಪ್ರೇ (ಕರಡಿ ಮೇಲೆ ಬಂದರೆ ಸಿಂಪಡಿಸುವ ಖಾರದ ಡಬ್ಬಿ) ಇಟ್ಟುಕೊಳ್ಳಬೇಕು, ಬ್ಯಾಗಿನ ಒಳಗಲ್ಲ, ಸೊಂಟಕ್ಕೆ. ವಿಮಾನದಲ್ಲಿ ಅದನ್ನು ಒಯ್ಯುವ ಹಾಗಿಲ್ಲ, ಬ್ಯಾನ್ಫ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ನಾಲ್ಕೈದು ಜನ ಜೋರಾಗಿ ಮಾತಾಡಿಕೊಂಡು ನಡೆಯಿರಿ. ದನಿ ಕೇಳಿದರೆ ಕರಡಿ ಸಾಮಾನ್ಯವಾಗಿ ತಾನೇ ದೂರ ಹೋಗುತ್ತದೆ.

ಕ್ಯಾಲ್ಗರಿಗೆ ವಾಪಸ್ ಬಂದ ಮೇಲೆ ಒಂದು ದಿನ ಉಳಿದಿದ್ದರೆ ದಕ್ಷಿಣಕ್ಕೆ ಎರಡು ಗಂಟೆ ಓಡಿಸಿ, ಹೆಡ್-ಸ್ಮ್ಯಾಶ್ಡ್-ಇನ್ ಬಫೆಲೊ ಜಂಪ್ ನೋಡಿ. ಸುಮಾರು 6,000 ವರ್ಷ ಕಾಲ ಅಲ್ಲಿನ ಮೂಲನಿವಾಸಿಗಳು ಕಾಡೆಮ್ಮೆ ಹಿಂಡನ್ನು ಬಂಡೆಯ ಅಂಚಿಗೆ ಅಟ್ಟಿ ಬೇಟೆಯಾಡುತ್ತಿದ್ದ ಜಾಗ. 1981ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಬ್ಲ್ಯಾಕ್‌ಫೂಟ್ ಸಮುದಾಯದವರೇ ವಿವರಿಸುತ್ತಾರೆ. ಈ ನೆಲ ಯಾರದಾಗಿತ್ತು ಅನ್ನುವುದನ್ನು ತಿಳಿಯದೆ ಬರೀ ಬೆಟ್ಟ, ಸರೋವರ ನೋಡಿ ಬಂದರೆ ಪ್ರವಾಸ ಅರ್ಧವೇ ಅಲ್ವಾ?

ಉತ್ತರದ ಬೆಳಕು: ಯೆಲ್ಲೊನೈಫ್

ಧ್ರುವಪ್ರಭೆಯ ವಿಡಿಯೊ ಫೋನಿನಲ್ಲಿ ಎಷ್ಟು ನೋಡಿದರೂ ಅದು ತಲೆಯ ಮೇಲೆ ಓಡಾಡುವಾಗ ಆಗುವ ಅನುಭವ ಬೇರೆ. ವಾಯವ್ಯ ಪ್ರಾಂತ್ಯದ ರಾಜಧಾನಿ ಯೆಲ್ಲೊನೈಫ್ ಇದಕ್ಕೆ ಹೇಳಿ ಮಾಡಿಸಿದ ಊರು. ಭೂಮಿಯ ಉತ್ತರ ಕಾಂತಧ್ರುವದ ಸುತ್ತ ಈ ಬೆಳಕು ಉಂಗುರದ ಹಾಗೆ ಮೂಡುತ್ತದೆ. ಯೆಲ್ಲೊನೈಫ್ ಆ ಉಂಗುರದ ಕೆಳಗೇ ಇದೆ. ಸೂರ್ಯನ ಚಟುವಟಿಕೆ ಕಡಿಮೆ ಇದ್ದ ರಾತ್ರಿಯೂ ಅಲ್ಲಿ ಏನಾದರೂ ಕಾಣುವ ಅವಕಾಶ ಇರುತ್ತದೆ. ನಿಜವಾದ ಶತ್ರು ಮೋಡ. ಆದ್ದರಿಂದ ಕನಿಷ್ಠ ಮೂರು ರಾತ್ರಿ ಉಳಿಯಿರಿ. ಒಂದೇ ರಾತ್ರಿಗೆ ಹೋಗಿ ಬರೀ ಮೋಡ ನೋಡಿ ಬರಬೇಡಿ. ಅಕ್ಟೋಬರ್ ಮತ್ತು ನವೆಂಬರ್ ಮೊದಲರ್ಧ ಬಿಡಿ, ಇನ್ನೂ ಹೆಪ್ಪುಗಟ್ಟದ ಸರೋವರಗಳಿಂದ ತೇವ ಎದ್ದು ಆಕಾಶ ಮುಚ್ಚಿಕೊಂಡಿರುತ್ತದೆ. ಕ್ಯಾಲ್ಗರಿ ಅಥವಾ ಎಡ್ಮಂಟನ್‌ನಿಂದ ವಿಮಾನ ಇದೆ.

ವಯಸ್ಸಾದವರಿಗೆ, ಚಳಿ ತಡೆಯದವರಿಗೆ ಸೆಪ್ಟೆಂಬರ್ ಮೊದಲರ್ಧ ಉತ್ತಮ. ಒಂದು ಒಳ್ಳೆಯ ಜಾಕೆಟ್ ಇದ್ದರೆ ಸಾಕು, ಬೆಳಕಿನ ಪ್ರತಿಬಿಂಬ ಸರೋವರದಲ್ಲೂ ಕಾಣುತ್ತದೆ. ಜನವರಿ-ಫೆಬ್ರವರಿಯಲ್ಲಾದರೆ ಮೈನಸ್ 30, ಮೈನಸ್ 40ರ ಚಳಿ. ಆದರೆ ಆಗಲೇ ಹೆಪ್ಪುಗಟ್ಟಿದ ಸರೋವರದ ಮೇಲಿನ ಐಸ್ ರೋಡಿನಲ್ಲಿ ಕಾರಿನಲ್ಲಿ ಹೋಗಬಹುದು, ನಾಯಿಗಳು ಎಳೆಯುವ ಸ್ಲೆಡ್ ಹತ್ತಬಹುದು.

ಬಟ್ಟೆಯ ವಿಷಯ ಗಂಭೀರ. ಹತ್ತಿಯ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗುತ್ತದೆ. ಒಳಗೆ ಮೆರಿನೊ ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಫ್ಲೀಸ್, ಅದರ ಮೇಲೆ ಪಾರ್ಕಾ ಅನ್ನುವ, ಟೋಪಿ ಇರುವ ದಪ್ಪ ಕೋಟು. ಬೂಟಿನಲ್ಲಿ ಬೆರಳು ಆಡುವಷ್ಟು ಜಾಗ ಇರಬೇಕು, ಎರಡು ಸಾಕ್ಸ್ ತುರುಕಿ ಬಿಗಿ ಮಾಡಿಕೊಂಡರೆ ರಕ್ತ ಓಡದೆ ಜಾಸ್ತಿ ಚಳಿಯಾಗುತ್ತದೆ. ಪಾರ್ಕಾ, ಬೂಟು ಎರಡನ್ನೂ ಯೆಲ್ಲೊನೈಫ್‌ನಲ್ಲೇ ಬಾಡಿಗೆಗೆ ಕೊಡುತ್ತಾರೆ. ಬೆಂಗಳೂರಿನಲ್ಲಿ ದುಡ್ಡು ಹಾಕಿ ಕೊಳ್ಳಬೇಡಿ.

ಬೆಳಕು ಶುರುವಾಗುವಾಗ ಹಸಿರು ಕಾಣದೇ ಇರಬಹುದು. ಮೊದಲು ಬೂದು ಬಿಳಿಯ ಮೋಡದ ಪಟ್ಟೆ ಇದ್ದಂತೆ ಇರುತ್ತದೆ. ಅನುಮಾನ ಬಂದರೆ ಫೋನನ್ನು ನೈಟ್ ಮೋಡ್‌ಗೆ ಹಾಕಿ ಒಂದು ಫೋಟೊ ತೆಗೆಯಿರಿ, ಹಸಿರು ಬಂದರೆ ಅದೇ. ಕ್ಯಾಮೆರಾ ಇದ್ದವರು ಟ್ರೈಪಾಡ್ ಒಯ್ಯಿರಿ. ಐಎಸ್‌ಓ 1600ರಿಂದ 3200, ಶಟರ್ 5ರಿಂದ 10 ಸೆಕೆಂಡ್‌ನಿಂದ ಶುರು ಮಾಡಿ, ಬೆಳಕು ವೇಗವಾಗಿ ಕುಣಿದರೆ ಸೆಕೆಂಡು ಕಡಿಮೆ ಮಾಡಿ. ಬದಲಿ ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಗೆ ಬೇಗ ಸೋಲುತ್ತವೆ. ವಾಪಸ್ ಬಿಸಿ ಕೋಣೆಗೆ ಬರುವ ಮುಂಚೆ ಹೊರಗಡೆಯೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಲೆನ್ಸಿನ ಮೇಲೆಲ್ಲ ನೀರು ಕೂಡುತ್ತದೆ. ನಾಲ್ಕು ಫೋಟೊ ಸಾಕು. ಆಮೇಲೆ ತಲೆ ಎತ್ತಿ ನೋಡಿ.

ಸಮುದ್ರದ ತಳದಲ್ಲಿ ನಡಿಗೆ: ಫಂಡಿ ಕೊಲ್ಲಿ

ನಮ್ಮವರು ಪೂರ್ವ ತೀರಕ್ಕೆ ಹೋಗುವುದೇ ಕಡಿಮೆ. ನ್ಯೂ ಬ್ರನ್ಸ್‌ವಿಕ್‌ನ ಹೋಪ್‌ವೆಲ್ ರಾಕ್ಸ್‌ನಲ್ಲಿ ಬೆಳಗ್ಗೆ ಬಂಡೆಗಳ ನಡುವೆ ನಡೆದಾಡಿದ ಜಾಗದಲ್ಲೇ ಮಧ್ಯಾಹ್ನ ದೋಣಿಯಲ್ಲಿ ತೇಲಬಹುದು. ಪ್ರಪಂಚದಲ್ಲೇ ಅತಿ ಎತ್ತರದ ಉಬ್ಬರ ಇಳಿತ ಈ ಕೊಲ್ಲಿಯದು, ನೀರು ಏರುವ ಎತ್ತರ ಕೆಲವು ಕಡೆ 16 ಮೀಟರ್ ಮುಟ್ಟುತ್ತದೆ. ಕೊಲ್ಲಿಯ ನೀರು ಒಮ್ಮೆ ಒಳಗೆ ಹೋಗಿ ಹೊರಗೆ ಬರಲು ತೆಗೆದುಕೊಳ್ಳುವ ಸಮಯವೂ ಸಮುದ್ರದ ಉಬ್ಬರದ ಸಮಯವೂ ಹೆಚ್ಚುಕಡಿಮೆ ಒಂದೇ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದಂತೆ ಅದು ಎತ್ತರಕ್ಕೇರುತ್ತದೆ.

ಹೋಗುವ ಕ್ರಮ ಹೀಗೆ. ಮಾಂಕ್ಟನ್‌ನಲ್ಲಿ ಉಳಿದುಕೊಳ್ಳಿ, ಅಲ್ಲಿಂದ ಸುಮಾರು 40 ಕಿ.ಮೀ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ತೆರೆದಿರುತ್ತದೆ. ಹೋಟೆಲು ಬುಕ್ ಮಾಡುವ ಮುಂಚೆಯೇ ಉಬ್ಬರದ ವೇಳಾಪಟ್ಟಿ ನೋಡಿ, ಹಗಲಿನಲ್ಲೇ ಒಂದು ಇಳಿತ ಮತ್ತು ಒಂದು ಉಬ್ಬರ ಎರಡೂ ಸಿಗುವ ದಿನ ಹಿಡಿಯಿರಿ. ಎರಡರ ನಡುವೆ ಆರು ಗಂಟೆ ಚಿಲ್ಲರೆ. ಇಳಿತದ ಆಚೀಚೆ ಸುಮಾರು ಮೂರು ಗಂಟೆ ಕೆಳಗೆ ನಡೆಯಬಹುದು. ಹಳೆಯ ಬೂಟು ಹಾಕಿಕೊಳ್ಳಿ, ಕಂದು ಕೆಸರು ಮೆತ್ತಿಕೊಳ್ಳುತ್ತದೆ. ಕೆಳಗೆ ನಿಂತು ಬಂಡೆಯನ್ನು ನೋಡಿದರೆ ನಿಮ್ಮ ತಲೆಗಿಂತ ಎಷ್ಟೋ ಮೇಲೆ ಕಡಲಕಳೆ ಜೋತಾಡುತ್ತಿರುತ್ತದೆ. ಕೆಲವೇ ಗಂಟೆಗಳಲ್ಲಿ ನೀರು ಬಂದು ನಿಲ್ಲುವ ಮಟ್ಟ ಅದು. ಸಿಬ್ಬಂದಿ ಮೇಲೆ ಹತ್ತಿ ಅಂದ ತಕ್ಷಣ ಹತ್ತಿ, ಇನ್ನೊಂದು ಸೆಲ್ಫಿ ಅಂತ ನಿಲ್ಲಬೇಡಿ.

ಇನ್ನೂ ಪೂರ್ವಕ್ಕೆ ಹೋದರೆ ನ್ಯೂಫೌಂಡ್‌ಲ್ಯಾಂಡ್. ಗ್ರೀನ್‌ಲ್ಯಾಂಡಿನಿಂದ ಮುರಿದು ಬಂದ ಹಿಮಗಡ್ಡೆಗಳು ಮೇ ಕೊನೆ, ಜೂನ್‌ನಲ್ಲಿ ಟ್ವಿಲಿಂಗೇಟ್ ಎಂಬ ಊರಿನ ಎದುರೇ ತೇಲುತ್ತಿರುತ್ತವೆ. ಎಲಿಸ್ಟನ್‌ನಲ್ಲಿ ಪಫಿನ್ ಹಕ್ಕಿಗಳನ್ನು ದೋಣಿ ಹತ್ತದೆ ದಡದಿಂದಲೇ ನೋಡಬಹುದು. ಸಂಜೆ ಮೇಲೆ ಕಾರು ಓಡಿಸಬೇಡಿ, ರಸ್ತೆಗೆ ಮೂಸ್ ಎಂಬ ಭಾರೀ ಜಿಂಕೆಗಳು ಬರುತ್ತವೆ, ಡಿಕ್ಕಿಯಾದರೆ ಕಾರಿನಲ್ಲಿದ್ದವರ ಪ್ರಾಣಕ್ಕೇ ಅಪಾಯ.

ಮಾರ್ಚ್‌ನಲ್ಲಿ ಇದ್ದರೆ ಮೇಪಲ್

ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ. ಇಂಥ ದಿನಗಳಲ್ಲಿ ಮಾತ್ರ ಮೇಪಲ್ ಮರದ ರಸ ಹರಿಯುತ್ತದೆ. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಪಾಕ. ಕ್ವಿಬೆಕ್‌ನ 'ಶುಗರ್ ಶ್ಯಾಕ್'ಗಳಲ್ಲಿ ಉದ್ದನೆಯ ಮೇಜಿನ ಮುಂದೆ ಕೂರಿಸಿ ಊಟ ಹಾಕುತ್ತಾರೆ. ಆಮೇಲೆ ಹೊರಗೆ ಹಿಮದ ಮೇಲೆ ಬಿಸಿ ಪಾಕ ಸುರಿಯುತ್ತಾರೆ, ಕಡ್ಡಿಯಲ್ಲಿ ಸುತ್ತಿ ತಿನ್ನಬೇಕು. ಬೆಲ್ಲದ ಪಾಕದ ಅಂಟು, ಅದಕ್ಕಿಂತ ಹಗುರವಾದ ರುಚಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಅಲ್ಲಿನ ಸಾಂಪ್ರದಾಯಿಕ ಬೀನ್ಸ್ ಮತ್ತು ಬಟಾಣಿ ಸೂಪಿನಲ್ಲಿ ಹಂದಿ ಮಾಂಸ ಇರುತ್ತದೆ. ವಾಟರ್‌ಲೂ ಸುತ್ತ ಇರುವವರಿಗೆ ಹತ್ತಿರದ ಎಲ್ಮೈರಾದಲ್ಲೇ ವಸಂತದ ಆರಂಭದಲ್ಲಿ ಮೇಪಲ್ ಹಬ್ಬ ನಡೆಯುತ್ತದೆ.

ನಯಾಗರವನ್ನು ಸರಿಯಾಗಿ ನೋಡುವುದು

ಟೊರಾಂಟೊದಿಂದ 130 ಕಿ.ಮೀ. ಜೋಗ 253 ಮೀಟರ್ ಎತ್ತರದಿಂದ ಬೀಳುತ್ತದೆ, ಇಲ್ಲಿನ ಹಾರ್ಸ್‌ಶೂ ಜಲಪಾತದ ಎತ್ತರ ಬರೀ 57 ಮೀಟರ್. ಎತ್ತರ ಹುಡುಕಿಕೊಂಡು ಹೋದರೆ ನಿರಾಸೆಯಾಗುತ್ತದೆ. ಇಲ್ಲಿ ನೋಡಬೇಕಾದದ್ದು ನೀರಿನ ಅಗಲ ಮತ್ತು ತೂಕ. ಅದಕ್ಕೆ ದೋಣಿ ಹತ್ತಲೇಬೇಕು, ಕೆಳಗೆ ಹೋದಾಗಲೇ ಅದು ಗೊತ್ತಾಗುವುದು. ಮಧ್ಯಾಹ್ನ ಹೋಗಿ ಸಂಜೆ ವಾಪಸ್ ಬರುವ ಬದಲು ಒಂದು ರಾತ್ರಿ ಉಳಿಯಿರಿ. ರಾತ್ರಿ ದೀಪದ ಬೆಳಕು, ಬೆಳಗ್ಗೆ ಜನ ಬರುವ ಮುಂಚೆ ಟೇಬಲ್ ರಾಕ್ ಪಕ್ಕದ ಅಂಚಿನಲ್ಲಿ ನಿಂತರೆ ಹಸಿರು ನೀರು ಕಾಲಿನ ಹತ್ತಿರವೇ ಬಾಗಿ ಬೀಳುತ್ತದೆ.

ರೈಲು, ಹಿಮಕರಡಿ

ದೇಶದ ಅಗಲ ತಿಳಿಯಬೇಕಾದರೆ ಅಲ್ಲಿನ ಪ್ರಯಾಣಿಕ ರೈಲು ಸಂಸ್ಥೆ ವಿಯಾ ರೈಲ್‌ನ 'ದಿ ಕೆನೇಡಿಯನ್' ಹತ್ತಿ. ಟೊರಾಂಟೊದಿಂದ ವ್ಯಾಂಕೂವರ್, 4,466 ಕಿ.ಮೀ., ನಾಲ್ಕು ರಾತ್ರಿ. ಗಾಜಿನ ಮಾಡಿನ ಬೋಗಿಯಲ್ಲಿ ಕೂತು ಕಾಡು, ಬಯಲು, ಬೆಟ್ಟ ಬದಲಾಗುವುದನ್ನು ನೋಡುವುದೇ ಇಲ್ಲಿನ ಕೆಲಸ. ಗೂಡ್ಸ್ ರೈಲುಗಳಿಗೆ ದಾರಿ ಬಿಡಬೇಕಾಗುವುದರಿಂದ ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಇಳಿದ ದಿನವೇ ವಿಮಾನ ಹಿಡಿಯುವ ಪ್ಲ್ಯಾನ್ ಬೇಡ, ಒಂದು ದಿನ ಬಿಡುವು ಇಡಿ.

ಹಿಮಕರಡಿಯ ಊರು ಮ್ಯಾನಿಟೋಬಾದ ಚರ್ಚಿಲ್. ರಸ್ತೆಯೇ ಇಲ್ಲ, ವಿನಿಪೆಗ್‌ನಿಂದ ವಿಮಾನ ಅಥವಾ ಎರಡು ದಿನದ ರೈಲು. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟಲಿ ಅಂತ ಕರಡಿಗಳು ದಡದಲ್ಲಿ ಕಾಯುತ್ತಿರುತ್ತವೆ. ಖರ್ಚು ತುಂಬಾ ಜಾಸ್ತಿ, ಒಂದು ವರ್ಷ ಮೊದಲೇ ಬುಕ್ ಮಾಡಬೇಕು. ಕೈಗೆಟುಕದಿದ್ದರೆ ಅದೇ ಊರಿಗೆ ಜುಲೈ-ಆಗಸ್ಟ್‌ನಲ್ಲಿ ಹೋಗಿ. ಸಾವಿರಾರು ಬಿಳಿ ಬೆಲುಗಾ ತಿಮಿಂಗಿಲಗಳು ಚರ್ಚಿಲ್ ನದಿಗೆ ಬಂದಿರುತ್ತವೆ.

ದುಡ್ಡು, ಊಟ, ಹೊಗೆ

ಅಂಗಡಿಯಲ್ಲಿ ಬರೆದ ಬೆಲೆಯ ಮೇಲೆ ತೆರಿಗೆ ಸೇರುತ್ತದೆ. ಅಲ್ಬರ್ಟಾದಲ್ಲಿ ಶೇ. 5, ಒಂಟಾರಿಯೊದಲ್ಲಿ ಶೇ. 13. ಕೂತು ತಿನ್ನುವ ಹೋಟೆಲಿನಲ್ಲಿ ಶೇ. 15ರಿಂದ 20 ಟಿಪ್ಸ್ ರೂಢಿ. ಇದೆರಡನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ದೊಡ್ಡ ಊರುಗಳಲ್ಲಿ ಇಡ್ಲಿ, ದೋಸೆಗೆ ತೊಂದರೆ ಇಲ್ಲ. ಯೆಲ್ಲೊನೈಫ್, ಟ್ವಿಲಿಂಗೇಟ್ ಕಡೆ ಹೋಗುವವರು ಅವಲಕ್ಕಿ, ರೆಡಿ ಉಪ್ಪಿಟ್ಟಿನ ಪೊಟ್ಟಣ ಇಟ್ಟುಕೊಳ್ಳಿ, ಅಡುಗೆಮನೆ ಇರುವ ರೂಮು ನೋಡಿ. ಊರಿನಿಂದ ಹಣ್ಣು, ಬಿತ್ತನೆ ಬೀಜ ಒಯ್ಯಬೇಡಿ. ತಂದ ತಿನಿಸು ಏನೇ ಇದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಿ.

ಕೊನೆಯದಾಗಿ ಕಾಡ್ಗಿಚ್ಚು. ಜುಲೈ-ಆಗಸ್ಟ್‌ನಲ್ಲಿ ಪಶ್ಚಿಮ ಕೆನಡಾದಲ್ಲಿ ಹೊಗೆ ಕವಿದು ಬೆಟ್ಟವೇ ಕಾಣದಿರಬಹುದು. 2024ರ ಜುಲೈನಲ್ಲಿ ಜಾಸ್ಪರ್ ಊರಿನ ಒಂದು ಭಾಗವೇ ಸುಟ್ಟುಹೋಯಿತು. ಬೇಸಿಗೆಯಲ್ಲಿ ಹೋಗುವವರು ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ, ಹೊರಡುವ ವಾರದಲ್ಲಿ ಪಾರ್ಕ್ಸ್ ಕೆನಡಾ ಮತ್ತು ಆಯಾ ಪ್ರಾಂತ್ಯದ ಕಾಡ್ಗಿಚ್ಚಿನ ನಕ್ಷೆಯನ್ನು ದಿನಾ ನೋಡಿ. ಉಸಿರಾಟದ ತೊಂದರೆ ಇರುವವರು ಜೊತೆಗಿದ್ದರೆ ಎನ್95 ಮಾಸ್ಕ್ ಇಟ್ಟುಕೊಳ್ಳಿ. ಹೊಗೆ ದಟ್ಟವಾಗಿದ್ದರೆ ಜಾಸ್ಪರ್ ದಿನಗಳನ್ನು ಬಿಟ್ಟು ವ್ಯಾಂಕೂವರ್ ದ್ವೀಪದ ಕಡಲ ತೀರಕ್ಕೆ ತಿರುಗಿಸಿ. ಕ್ಯಾಲ್ಗರಿಯಿಂದ ಆ ದ್ವೀಪದ ವಿಕ್ಟೋರಿಯಾ ಊರಿಗೆ ನೇರ ವಿಮಾನ ಇದೆ.